ಬೆಸುಗೆ ಹಾಕುವುದು ಬಂತು, ಮುಂದೇನು?

ಬೆಳ್ಳಿಯ ಒಡವೆ ಮಾಡುವುದನ್ನು ಕಲಿಯುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಉಂಗುರದ ಎರಡು ತುದಿಗಳನ್ನು ಬೆಸೆಯುವುದು ಬಂತು, ಕೈ ಇನ್ನೂ ಪಳಗಬೇಕಾದರೆ ಜ್ವಾಲೆ ಚಿಮ್ಮುವ ದೊಡ್ಡ ಟಾರ್ಚ್ ಕೊಳ್ಳಬೇಕೆ? ಬಳೆಯಂಥ ದೊಡ್ಡ ಒಡವೆ ಸಮನಾಗಿ ಕಾಯದಿದ್ದಾಗ ಅದು ಬೇಕಾಗುತ್ತದೆ. ಅಲ್ಲಿಯವರೆಗೆ ಅರದ ಕೆಲಸವನ್ನು ತಿದ್ದಿಕೊಳ್ಳಿ ಎಂಬುದು ನನ್ನ ಉತ್ತರ. ಕರಗಿದ ಬೆಸುಗೆ, ಅಂದರೆ ಜೋಡಿಸಲು ಬಳಸುವ ಮಿಶ್ರಲೋಹ, ಅತಿ ಕಿರಿದಾದ ಸಂದಿಯಲ್ಲಿ ತಾನಾಗಿ ಹರಿಯುತ್ತದೆ, ಸಂದಿ ಅಗಲವಾದರೆ ಒಂದು ಅಂಚಿಗೆ ಅಂಟಿ ನಿಂತುಬಿಡುತ್ತದೆ. ಜೋಡಿಸಿದ ಉಂಗುರವನ್ನು ಬೆಳಕಿಗೆ ಹಿಡಿದಾಗ ತುದಿಗಳ ನಡುವೆ ಬೆಳಕು ನುಸುಳಿದರೆ, ಬೆಂಕಿ ಹಚ್ಚುವ ಮೊದಲು ಮತ್ತೆ ಅರ ಹಿಡಿಯಬೇಕು.

ಹೆಚ್ಚು ಕಾಲ ಬೇಡುವುದು ಕಾವನ್ನು ಕಣ್ಣಿನಿಂದ ಅಳೆಯುವ ಅಭ್ಯಾಸ. ಕೋಣೆಯ ದೀಪ ಮಂದವಾಗಿಟ್ಟು, ಬೆಸುಗೆ ಸರಾಗ ಹರಿಯಲೆಂದು ಸಂದಿಗೆ ಹಚ್ಚಿದ ಬಿಳಿಗಾರದ ಮೇಲೆ ಕಣ್ಣಿಡಿ: ಮೊದಲು ಅದು ನೀರು ಕಳೆದುಕೊಂಡು ಬೆಳ್ಳಗೆ ಉಬ್ಬುತ್ತದೆ, ಸುಮಾರು 740 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಗಾಜಿನಂತೆ ತಿಳಿಯಾಗಿ ಹರಡುತ್ತದೆ. ಶೇಕಡಾ 92.5ರ ಬೆಳ್ಳಿ 800 ಡಿಗ್ರಿ ದಾಟುತ್ತಲೇ ಕರಗತೊಡಗುವುದರಿಂದ, ಬೆಸುಗೆ ಹರಿಯುವುದಕ್ಕೂ ಒಡವೆ ಕುಸಿಯುವುದಕ್ಕೂ ನಡುವಿನ ಅಂತರ ತೀರ ಕಡಿಮೆ. ದಪ್ಪ ತಗಡಿನ ಮೇಲೆ ಕಲ್ಲು ಕೂರಿಸುವ ತೆಳು ಪಟ್ಟಿಯನ್ನು ಬೆಸೆಯುವಾಗ ಇದು ಚೆನ್ನಾಗಿ ತಿಳಿಯುತ್ತದೆ: ಬೆಸುಗೆ ಕಾವಿದ್ದ ಕಡೆಗೇ ಓಡುವುದರಿಂದ ಜ್ವಾಲೆ ತಗಡಿನ ಸುತ್ತ ಆಡುತ್ತಿರಬೇಕು, ಪಟ್ಟಿಯ ಮೇಲೆ ನಿಂತರೆ ಬೆಸುಗೆ ಅದರ ಗೋಡೆ ಹತ್ತುತ್ತದೆ, ಇಲ್ಲವೇ ಪಟ್ಟಿಯೇ ಕರಗುತ್ತದೆ.

ಇಂಥ ಕಲ್ಲು ಕೂರಿಸುವ ಉಂಗುರವೊಂದನ್ನೇ ಮತ್ತೆ ಮತ್ತೆ ಮಾಡುವುದು ಹೊಸ ವಿನ್ಯಾಸಗಳ ಬೆನ್ನು ಹತ್ತುವುದಕ್ಕಿಂತ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಟ್ಟಿಯ ತುದಿಗಳಿಗೆ ಹೆಚ್ಚು ಕಾವು ಬೇಡುವ ಹಾರ್ಡ್ ಬೆಸುಗೆ, ತಗಡಿಗೆ ಮೀಡಿಯಂ, ಕೊನೆಗೆ ಉಂಗುರಕ್ಕೆ ಈಜಿ. ಹೀಗೆ ಇಳಿಯುತ್ತ ಬಂದರೆ ಹಿಂದಿನ ಬೆಸುಗೆ ಬಿಚ್ಚಿಕೊಳ್ಳುವುದಿಲ್ಲ. ಮುಗಿದ ಒಂದನ್ನು ಬೆಸುಗೆಗೆ ಅಡ್ಡವಾಗಿ ಗರಗಸದಿಂದ ಕುಯ್ದು ಭೂತಗನ್ನಡಿಯಲ್ಲಿ ನೋಡಿ. ಒಳಗೆ ಸಣ್ಣ ರಂಧ್ರಗಳಿದ್ದರೆ ಕಾವು ಅತಿಯಾಗಿ ಬೆಸುಗೆಯಲ್ಲಿದ್ದ ಸತು ಆವಿಯಾಗಿರಬಹುದು, ಅಥವಾ ಅಂಚು ಶುಚಿಯಾಗಿರಲಿಲ್ಲ.

ಅಭ್ಯಾಸ ಹೆಚ್ಚಿದಷ್ಟೂ ಹೊಗೆಯ ಸೇವನೆಯೂ ಹೆಚ್ಚುವುದರಿಂದ, ಕೆಡಿಎಂ ಎಂದು ನಮ್ಮ ಪೇಟೆಗಳಲ್ಲಿ ಹೆಸರಾದ ಕ್ಯಾಡ್ಮಿಯಂ ಬೆರೆತ ಬೆಸುಗೆಯನ್ನು ದಯವಿಟ್ಟು ಮುಟ್ಟಬೇಡಿ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುತ್ತದೆ. ಅದರ ಆವಿ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕೊಳ್ಳುವಾಗಲೇ ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನು ಕೇಳಿ ಪಡೆಯಿರಿ, ಕಿಟಕಿ ತೆರೆದಿಟ್ಟು ಹೊಗೆಯನ್ನು ಹೊರಗೆಳೆಯುವ ಫ್ಯಾನ್ ಹಾಕಿಕೊಂಡೇ ಕೆಲಸಕ್ಕೆ ಕೂರಿ.