ಒಳಗೋಡೆಯೋ, ಹೊರಗೋಡೆಯೋ?

ಒಂದರೊಳಗೊಂದು ನಿಲ್ಲಿಸಿದ ಎರಡು ಲೋಹದ ಸಿಲಿಂಡರ್‌ಗಳು. ನಡುವಿನ ಟೊಳ್ಳಿನಲ್ಲಿ ಕ್ವಾಂಟಮ್ ನಿರ್ವಾತ ಶಕ್ತಿ, ಅಂದರೆ ಏನೂ ಇಲ್ಲದ ಜಾಗದಲ್ಲೂ ಉಳಿಯುವ ಶಕ್ತಿ, ಎಷ್ಟು? ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಬಂದ ಲೆಕ್ಕ ಇದು. ಸುಲಭ ಅಂದುಕೊಂಡೆ. ಎದುರುಬದುರು ನಿಂತ ಚಪ್ಪಟೆ ಲೋಹದ ತಗಡುಗಳನ್ನು ಈ ಶಕ್ತಿ ಹತ್ತಿರಕ್ಕೆ ಸೆಳೆಯುತ್ತದೆ; ಅದಕ್ಕೆ 1948ರಲ್ಲಿ ಡಚ್ ಭೌತವಿಜ್ಞಾನಿ ಕ್ಯಾಸಿಮಿರ್ ಕೊಟ್ಟ ಸೂತ್ರ ಇದ್ದೇ ಇದೆ: 1 ಮೈಕ್ರಾನ್ ಅಂತರದಲ್ಲಿ ಒತ್ತಡ ಚದರ ಮೀಟರಿಗೆ ಸುಮಾರು 0.0013 ನ್ಯೂಟನ್, ಅಂತರ ಹತ್ತನೇ ಒಂದಾದರೆ ಅದರ ಹತ್ತು ಸಾವಿರ ಪಟ್ಟು. ಬಾಗಿದ ಗೋಡೆಯನ್ನು ಪುಟ್ಟ ಪುಟ್ಟ ಚಪ್ಪಟೆ ತುಂಡುಗಳೆಂದು ಬಗೆದು, ತುಂಡು ತುಂಡಿನ ಶಕ್ತಿ ಕೂಡಿಸಿದರಾಯಿತು. ಬೇರೆ ಬಲಗಳ ಲೆಕ್ಕಕ್ಕೆ ರಷ್ಯಾದ ವಿಜ್ಞಾನಿ ಡೆರ್ಯಾಗಿನ್ 1934ರಲ್ಲೇ ತೋರಿಸಿದ ಉಪಾಯ.

ಪಕ್ಕದ ಟೇಬಲ್ಲಿನ ಗೆಳತಿಯೂ ಅದೇ ಲೆಕ್ಕವನ್ನು ತನ್ನದೇ ಕೋಡ್‌ನಲ್ಲಿ ಮಾಡಿದಳು. ಮೊದಲು ತೀರ ಕಿರಿದಾದ ಅಂತರ, ತ್ರಿಜ್ಯಗಳು 1 ಮತ್ತು 1.01. ಇಬ್ಬರ ಉತ್ತರಕ್ಕೂ ಶೇಕಡಾ 1ರಷ್ಟು ವ್ಯತ್ಯಾಸ. ಕಂಪ್ಯೂಟರಿನ ಸಣ್ಣ ದೋಷ ಎಂದು ಬಿಟ್ಟುಬಿಟ್ಟೆವು. ಹೊರ ತ್ರಿಜ್ಯ 1.5 ಮಾಡಿದಾಗ ಅವಳ ಉತ್ತರ ನನ್ನದರ ಒಂದೂವರೆ ಪಟ್ಟು ಬಂತು. ಮೂರು ದಿನ ಸಾಲು ಸಾಲು ಕೋಡ್ ಜಾಲಾಡಿದರೂ ತಪ್ಪು ಸಿಗಲಿಲ್ಲ. ಕೊನೆಗೆ ಕಾಗದದ ಮೇಲೆ ಚಿತ್ರ ಬರೆದಾಗ ಗೊತ್ತಾಯಿತು: ನಾನು ತುಂಡು ಮಾಡಿದ್ದು ಒಳಗೋಡೆಯನ್ನು, ಅವಳು ಹೊರಗೋಡೆಯನ್ನು. ಯಾವ ಗೋಡೆಯ ವಿಸ್ತೀರ್ಣ ಹಿಡಿಯಬೇಕೆಂದು ಆ ಉಪಾಯ ಹೇಳುವುದೇ ಇಲ್ಲ. ಆ ಶೇಕಡಾ 1 ಮೊದಲ ದಿನವೇ ಇದನ್ನು ಹೇಳುತ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಆಮೇಲೆ ಬೇರೆ ದಾರಿ ಹಿಡಿದೆವು. ಎರಡು ಗೋಡೆಗಳ ನಡುವೆ ಪುಟಿಪುಟಿದು ಹೊರಟಲ್ಲಿಗೇ ಮರಳುವ ಕಿರಣಗಳನ್ನು ಎಣಿಸುವ ದಾರಿ. ಇದರಲ್ಲಿ ಎರಡೂ ಗೋಡೆಗಳ ಬಾಗು ತಾನಾಗಿ ಲೆಕ್ಕಕ್ಕೆ ಬರುತ್ತದೆ. ಸಿಗುವುದು ಎರಡು ವಿಸ್ತೀರ್ಣಗಳ ಗುಣೋತ್ತರ ಸರಾಸರಿ. ನನ್ನ 1, ಅವಳ 1.5 ಇದ್ದಲ್ಲಿ ಸುಮಾರು 1.22. ಬಾಗಿನ ಮೊದಲ ತಿದ್ದುಪಡಿಯ ಮಟ್ಟಿಗೆ ಇದು ನಿಖರ ಲೆಕ್ಕಕ್ಕೆ ಹೊಂದುತ್ತದೆ, ಎರಡನೆಯದಕ್ಕೆ ಹೊಂದುವುದಿಲ್ಲ.

ಮುಂದೆ ಒಂಟಿ ಲೋಹದ ಗೋಳದ ಲೆಕ್ಕ ಬಂತು. ಅಲ್ಲಿ ಎದುರು ಗೋಡೆ ಹತ್ತಿರದಲ್ಲೇ ಇಲ್ಲ. ತಗಡುಗಳಂತೆ ಗೋಳವನ್ನೂ ನಿರ್ವಾತ ಒಳಕ್ಕೆ ಸೆಳೆಯುತ್ತದೆ ಎಂದು ಕ್ಯಾಸಿಮಿರ್ ಅವರೇ 1953ರಲ್ಲಿ ಊಹಿಸಿದ್ದರು. 1968ರಲ್ಲಿ ಅಮೆರಿಕದ ಭೌತವಿಜ್ಞಾನಿ ಬಾಯರ್ ಲೆಕ್ಕ ಹಾಕಿದಾಗ ಶಕ್ತಿಯ ಚಿಹ್ನೆ ಧನ ಬಂತು, ಅಂದರೆ ಹೊರಕ್ಕೆ ತಳ್ಳುವ ಬಲ. ಚಪ್ಪಟೆ ತಗಡಿನ ಸೂತ್ರದಿಂದ ಈ ಚಿಹ್ನೆ ಬರುವಂತಿಲ್ಲ. ಹಾಗಾಗಿ ತುಂಡು ಕೂಡಿಸುವ ಕೋಡನ್ನು ನಾನು ತೆರೆಯಲೇ ಇಲ್ಲ. ಗೋಳದ ಮೋಡ್‌ಗಳನ್ನು, ಅಂದರೆ ಅದರ ಒಳಗೂ ಹೊರಗೂ ಅಲೆಗಳು ಕಂಪಿಸಬಲ್ಲ ಬಗೆಗಳನ್ನು, ಒಂದೊಂದಾಗಿ ಕೂಡಿಸಲು ಕೂತೆ. ಬಾಯರ್ ಅವರ ಚಿಹ್ನೆ ನನ್ನ ಪರದೆಯ ಮೇಲೂ ಮೂಡಲು ಎರಡು ತಿಂಗಳು ಹಿಡಿಯಿತು.