ಕ್ರಾಸಿಂಗ್ ಸೀಸನ್ನಿನ ಹಾಜರಿ

ನಮ್ಮ ರಾಣೆಬೆನ್ನೂರು ಕಡೆ ಹೈಬ್ರಿಡ್ ಹತ್ತಿ ಬೀಜ ಮಾಡುವವರು ಜಾಸ್ತಿ. ಶಾಲೆಯ ಹಾಜರಿ ಪುಸ್ತಕ ತೆರೆದು ಎಷ್ಟು ಮಕ್ಕಳು ಬಂದಿಲ್ಲ ಅಂತ ನೋಡಿದರೆ ಸಾಕು, ಹೊಲದಲ್ಲಿ ಮೊಗ್ಗು ಬಂತು ಅಂತ ಗೊತ್ತಾಗುತ್ತದೆ.

ಕ್ರಾಸಿಂಗ್ ಅಂದರೆ ಕೈಯಿಂದಲೇ ಪರಾಗ ಸೇರಿಸುವ ಕೆಲಸ, ನಾಜೂಕಿನದು. ಸಂಜೆ ಮೊಗ್ಗು ಸುಲಿದು ಕೇಸರ ಕಿತ್ತು ಹಾಕಬೇಕು. ಗುರುತಿಗೆ ಕೆಂಪು ಕಾಗದ. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಸವರಬೇಕು. ಶಾಲೆ ಗಂಟೆ ಹೊಡೆಯುವುದೂ ಅದೇ ಹೊತ್ತಿಗೆ.

ಹೋದ ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ವಾರ ಬರಲಿಲ್ಲ. ಮನೆಗೆ ಹೋದೆ. ವಯಸ್ಸು ಹದಿಮೂರು. ಹೆಬ್ಬೆರಳ ಉಗುರು ಪೂರ್ತಿ ಕಪ್ಪಾಗಿತ್ತು. ಅವಳವ್ವ ಚಹಾ ಕೊಟ್ಟು, "ಅಕ್ಕಾರ, ಆಕಿ ಕೈ ಸಣ್ಣದದರಿ. ಒಂದ ಮೊಗ್ಗೂ ಮುರಿಯೂದಿಲ್ಲ" ಅಂದರು. ಹೆಮ್ಮೆಯಿಂದಲೇ ಅಂದರು. ಆಮೇಲೆ ಮೆಲ್ಲಗೆ, ಅಡ್ವಾನ್ಸ್ ತಗೊಂಡಿದ್ದನ್ನೂ ಹೇಳಿದರು.

14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಅಂತ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ. ಆದರೆ ಶಾಲೆ ಬಿಟ್ಟ ಮೇಲೆ ಮನೆಯವರಿಗೆ ಕೈಜೋಡಿಸಬಹುದು ಅಂತಲೂ ಅದರಲ್ಲೇ ಇದೆ. ಹಾಗಾಗಿ ಯಾರನ್ನು ಕೇಳಿದರೂ "ನಮ್ಮದ ಹೊಲಾರಿ". ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಮಾಡಿದ್ದೂ ಇದೆ. ಆದರೆ ಮರುದಿನ ಅದೇ ಓಣಿಗೆ ಹೋಗಬೇಕಲ್ವಾ? ಆ ಮನೆಗೆ ನಾನು ಸುಮ್ನೆ ನಾಲ್ಕು ಸಲ ಹೋಗಿ ಕೂತೆ. ಐದನೇ ಸಲಕ್ಕೆ ಅವಳು ಶಾಲೆಯಲ್ಲಿದ್ದಳು.

ನವೆಂಬರಿನ ಮಕ್ಕಳ ಗ್ರಾಮಸಭೆಯಲ್ಲಿ ಮೈಕ್ ಅವಳ ಕೈಗೆ ಬಂತು. "ಮುಂಜಾನೆ ಹೊಲಕ್ಕ ಟಂಟಂ ಬರ್ತದ. ಸಾಲಿಗೆ ಬಸ್ ಯಾಕ ಬರೂದಿಲ್ರಿ?"

ಪಿಡಿಒ ಬರೆದುಕೊಂಡರು. ಬಸ್ ಇನ್ನೂ ಬಂದಿಲ್ಲ.