ಅವರೇನು ಪಾಪ ಮಾಡಿದ್ರಮ್ಮಾ?

ಕಳೆದ ವಾರ ಕಾರಿನಲ್ಲಿ ಮಗಳ ಮುಂದೆ ಪೇಚಿಗೆ ಸಿಕ್ಕಿಬಿದ್ದೆ.

ಈಜು ಕ್ಲಾಸು ಮುಗಿಸಿ ವಾಪಸ್ ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ಪಕ್ಕದ ಮನೆ ಅಜ್ಜಿ. ಅವರು ಕೂತರೆ ರೇಡಿಯೊ ಅವರದೇ, ಅಂದರೆ ಬರೀ ಯೇಸುವಿನ ಹಾಡು. ನಾವಿರುವ ಅಮೆರಿಕದ ಈ ನ್ಯಾಶ್‌ವಿಲ್ ಕಂಟ್ರಿ ಸಂಗೀತಕ್ಕೆ ಹೆಸರಾದ ಊರು. ಹೊಸ ಕಾಲದ ಕ್ರಿಶ್ಚಿಯನ್ ಹಾಡುಗಳಿಗೂ ಇದೇ ತವರು. ಸುಳ್ಳು ಯಾಕೆ, ನನಗೆ ಅವೆಲ್ಲ ಒಂದೇ ಥರ ಕೇಳಿಸುತ್ತವೆ. ಅವತ್ತು ಬಂದ ದನಿ ಮಾತ್ರ ಬೇರೆ. ಸ್ವಲ್ಪ ಒರಟು, ಹೊಕ್ಕುಳಿನಿಂದ ಎದ್ದು ಬಂದ ಹಾಗೆ.

"ಬ್ಲೆಸಿಂಗ್ ಆಫೊರ್" ಅಂದರು ಅಜ್ಜಿ, ಹಾಡುತ್ತಿದ್ದವರ ಹೆಸರು. ನಮ್ಮಲ್ಲಿ ಪ್ರಸಾದ ಅಂತ ಹೆಸರಿಡುತ್ತೇವಲ್ಲ, ಹಾಗೆ. ಹುಟ್ಟಿದ್ದು ನೈಜೀರಿಯಾದಲ್ಲಿ. ಒಂದು ಕಣ್ಣಿಗೆ ಹುಟ್ಟಿನಿಂದಲೇ ಗ್ಲಾಕೋಮಾ. ಚಿಕಿತ್ಸೆಗೆಂದು ಆರನೇ ವಯಸ್ಸಿಗೆ ಬಂಧುವೊಬ್ಬರ ಜೊತೆ ಅಮೆರಿಕಕ್ಕೆ ಕಳಿಸಿದರು. ಹತ್ತನೇ ವಯಸ್ಸಿನಲ್ಲಿ ಆಟದ ನೀರಿನ ಪಿಸ್ತೂಲಿನಿಂದ ಇನ್ನೊಂದು ಕಣ್ಣೂ ಹೋಯಿತು. 2014ರಲ್ಲಿ 'ದಿ ವಾಯ್ಸ್' ಟಿವಿ ಸ್ಪರ್ಧೆಯಲ್ಲಿ ಹಾಡಿದರು, ಗೆಲ್ಲಲಿಲ್ಲ. ಆಮೇಲೆ ತಾವೇ ಬರೆದು ಹಾಡಿದ ಹಾಡುಗಳು ಕೈ ಹಿಡಿದವು. 2023ರ ಆಲ್ಬಮ್ಮಿಗೆ ಗ್ರ್ಯಾಮಿ ನಾಮನಿರ್ದೇಶನವೂ ಬಂತು.

ನಾನು ಇನ್ನೂ ಆ ನೀರಿನ ಪಿಸ್ತೂಲಿನಲ್ಲೇ ಇದ್ದೆ. ಬಾಯಿಂದ ತಾನಾಗಿ ಬಂತು, "ಅಯ್ಯೋ, ಪಾಪ!"

ಹಿಂದಿನಿಂದ ಮಗಳು ಕೇಳಿದಳು, "ಅವರೇನು ಪಾಪ ಮಾಡಿದ್ರಮ್ಮಾ?"

ಕನ್ನಡ ಕ್ಲಾಸಿನಲ್ಲಿ ಪಾಪ-ಪುಣ್ಯ ಕಲಿಸಿದ್ದಾರೆ. ಅವಳಿಗೆ ಗೊತ್ತಿರುವುದು ಆ ಪಾಪ ಒಂದೇ. ಅಜ್ಜಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಜೋರಾಗಿ ನಕ್ಕರು. ಹುಟ್ಟು ಕುರುಡನನ್ನು ನೋಡಿ ಯೇಸುವಿನ ಶಿಷ್ಯರೂ ಇದನ್ನೇ ಕೇಳಿದ್ದರಂತೆ: ಪಾಪ ಯಾರದು, ಇವನದೋ, ತಂದೆತಾಯಿಯದೋ? ಯಾರದೂ ಅಲ್ಲ ಅಂದನಂತೆ ಯೇಸು. ಯೋಹಾನನ ಸುವಾರ್ತೆ, 9ನೇ ಅಧ್ಯಾಯ.

ನನಗೆ ನಗು ಬರಲಿಲ್ಲ.

ನಾನು ಗದಗಿನವಳು. ಕಣ್ಣಿಲ್ಲದವರ ಹಾಡು ಕೇಳಿಯೇ ಬೆಳೆದವಳು. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ನಾಟಕ ಆಡಿಸಿ, ಊರೂರು ತಿರುಗಿ, ಅಂಧ ಮಕ್ಕಳಿಗೆ ಅನ್ನ ಮತ್ತು ಸಂಗೀತ ಎರಡೂ ಕೊಟ್ಟರು. ಅಪ್ಪನ ಹೆಗಲೇರಿ ಪುಟ್ಟಯ್ಯಜ್ಜನ ತುಲಾಭಾರ ನೋಡಿದ್ದು ನೆನಪಿದೆ. 2010ರಲ್ಲಿ ಅಜ್ಜ ಹೋದಾಗ ಊರಿಗೆ ಊರೇ ಬೀದಿಗಿಳಿದಿತ್ತು. ಅವರನ್ನು ನಾವು ಪಾಪ ಅನ್ನಲಿಲ್ಲ, ದೇವರು ಅಂದೆವು. ದೇವರು ಅನ್ನುವುದು ಸುಲಭ. ಮನೆಯಲ್ಲೇ ಒಬ್ಬರಿದ್ದರೆ ಆಗ ಗೊತ್ತಾಗುತ್ತದೆ.

ದೊಡ್ಡಪ್ಪನ ಮಗ, ನನ್ನ ಅಣ್ಣನಿಗೆ ಹುಟ್ಟಿನಿಂದ ಕಣ್ಣಿಲ್ಲ. ಆಶ್ರಮದಲ್ಲಿ ಕಲಿತ. ಈಗ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಾನೆ. "ಯಾವ ಜನ್ಮದ ಪಾಪಾನೋ" ಅಂದವರು ನಮ್ಮ ಓಣಿಯವರೇ. ದೊಡ್ಡವ್ವ ಅದನ್ನು ಕೇಳಿಕೊಂಡೇ ಬಾಣಂತನ ಮುಗಿಸಿದಳು. ಮದುವೆ ಮನೆಗಳಲ್ಲಿ ಅವನಿಂದ ವಚನ ಹಾಡಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಊಟಕ್ಕೆ ಕೂತಾಗ ಬಡಿಸುವವರು ಅವನನ್ನು ಕೇಳುತ್ತಿರಲಿಲ್ಲ. ಪಕ್ಕದಲ್ಲಿದ್ದ ನನ್ನನ್ನು ಕೇಳುತ್ತಿದ್ದರು, "ಇವಂಗ ಸಾರು ಹಾಕ್ಲೇನು?" "ಹಾಕ್ರಿ" ಅನ್ನುತ್ತಿದ್ದೆ ನಾನು. ಅವನಿಗೆ ಬೇಕೋ ಬೇಡವೋ, ಯಾರಿಗೆ ಗೊತ್ತು.

ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. "ಅಣ್ಣ ಹೆಂಗದಾನ?" ಅಂತ ಪ್ರತಿ ವಾರ ಅವ್ವನನ್ನು ಕೇಳಿದ್ದೇನೆ. ಅವನಿಗೇ ಒಂದು ಫೋನ್ ಮಾಡಿರಲಿಲ್ಲ.

ಭಾನುವಾರ ಮಾಡಿದೆ. ಹಲೋ ಅಂದದ್ದಷ್ಟೇ.

"ತಂಗೆವ್ವಾ, ಗಂಟಲ ಕಟ್ಟೇತಲ್ಲ. ಬಿಸಿನೀರ ಕುಡಿ."

ಕಾರಿನಲ್ಲಿ ಕೇಳಿದ ಆ ಹಾಡು ಕಳಿಸಿದೆ. ಅರ್ಧ ಗಂಟೆ ಬಿಟ್ಟು ಅವನೇ ಮಾಡಿದ. "ಭಾಷಾ ತಿಳೀಲಿಲ್ಲ. ಉಸುರು ಚೊಲೋ ಐತಿ" ಅಂದ. ಅವನ ಬಾಯಲ್ಲಿ ಇದು ದೊಡ್ಡ ಬಿರುದು. ಆಮೇಲೆ ಕೇಳಿದ, "ಅಲ್ಲೆ ಜ್ವಾಳದ ರೊಟ್ಟಿ ಸಿಗತೈತೇನವಾ?"

"ಹಿಟ್ಟ ಸಿಗತೈತಿ ಅಣ್ಣಾ. ನನಗ ಬಡಿಯಾಕ ಬರೂದಿಲ್ಲ."

"ಅಯ್ಯ, ಪಾಪ!" ಅಂದ.